ಆಟದ ಚಂದಾ

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯಲ್ಲಿ ಈಚೆಗೆ ಒಂದು ಬೆಳಗ್ಗೆ ಬಸ್ಸಿನ ದಾರಿ ಕಾಯುತ್ತ ನಿಂತಿದ್ದಾಗ ಕೇಳಿದ ಮಾತೊಂದು ಈ ಬರಹಕ್ಕೆ ನಿಮಿತ್ತವಾಯಿತು. ಕಾಲೇಜಿಗೆ ಹೊರಟಿದ್ದ ನಾಲ್ವರು ವಿದ್ಯಾರ್ಥಿಗಳು ಬೇವಿನ ಮರದ ನೆರಳಿನಲ್ಲಿ ಕುಳಿತಿದ್ದರು. ನಾಲ್ವರ ಕೈಯಲ್ಲೂ ಮೊಬೈಲು. ನಾಲ್ವರೂ ಒಂದೇ ಆಟದಲ್ಲಿ, ಒಂದೇ ತಂಡದವರಾಗಿ, ಎಂದೂ ಕಾಣದ ಊರುಗಳ ಎದುರಾಳಿಗಳೊಡನೆ ಸೆಣಸುತ್ತಿದ್ದರು. ಆಟ ಮುಗಿದ ಮೇಲೆ ಅವರನ್ನು ಮಾತಿಗೆಳೆದೆವು. ಅವರಲ್ಲೊಬ್ಬನು, ಇದಕ್ಕಿಂತ ಮೇಲಾದ ಇನ್ನೊಂದು ಆಟವಿರುವುದೆಂದೂ, ಅದಕ್ಕೆ ತಿಂಗಳಿಗೆ ೩೯೯ ರೂಪಾಯಿ ಚಂದಾ ಕೊಡಬೇಕೆಂದೂ, ತಂದೆಯವರನ್ನು ಕೇಳಿದುದಕ್ಕೆ “ಪುಕ್ಕಟ ಆಟ ಇರಬೇಕಾದ್ರ ರೊಕ್ಕದ ಆಟ ಯಾಕಲೇ? ರೊಕ್ಕ ಹಾಕಿ ಆಡಿದ್ರ ಅದು ಜೂಜು” ಎಂದು ಗದರಿಸಿದರೆಂದೂ ಹೇಳಿದನು.

ಹಾಗಾದರೆ ಈಗ ಆಡುತ್ತಿರುವ ಪುಕ್ಕಟೆಯ ಆಟಕ್ಕೆ ಏನೂ ಖರ್ಚಾಗಿಲ್ಲವೇ ಎಂದು ಕೇಳಿದೆವು. ಹುಡುಗನು ಮೊದಲು “ಇಲ್ರಿ ಸರ್” ಎಂದನು. ತುಸು ಹೊತ್ತಿನ ಮೇಲೆ “ಸ್ವಲ್ಪ ಆಗೈತ್ರಿ” ಎಂದನು. ಖರೀದಿಗಳ ಪಟ್ಟಿ ಮೊಬೈಲಿನಲ್ಲಿಯೇ ಇರುತ್ತದಷ್ಟೆ. ಅದನ್ನು ತೆರೆದು ನಾವಿಬ್ಬರೂ ಕೂಡಿಸತೊಡಗಿದೆವು. ಒಮ್ಮೆ ೮೦ ರೂಪಾಯಿ, ಒಮ್ಮೆ ೧೬೦, ಮತ್ತೆ ೮೦. ಪಾತ್ರಕ್ಕೊಂದು ಅಂಗಿ, ಬಂದೂಕಿಗೊಂದು ಬಣ್ಣ, ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗಳು. ನಾಲ್ಕು ತಿಂಗಳಿನ ಮೊತ್ತ ೨,೩೪೦ ರೂಪಾಯಿ. ಅವನು ಕೇಳಿದ್ದ ಚಂದಾ ನಾಲ್ಕು ತಿಂಗಳಿಗೆ ೧,೫೯೬ ರೂಪಾಯಿ ಆಗುತ್ತಿತ್ತು. ತನ್ನ ಖಾತೆಗೆ ಬಂದಿದ್ದ ವಿದ್ಯಾರ್ಥಿವೇತನದ ಹಣ ಅದೆಂದು ಹುಡುಗನು ದನಿ ತಗ್ಗಿಸಿ ಹೇಳಿದನು. ಮೊತ್ತವನ್ನು ಅವನು ಆ ಮೊದಲು ಒಮ್ಮೆಯೂ ಕೂಡಿಸಿ ನೋಡಿರಲಿಲ್ಲ.

ತಂದೆಯವರ ಮಾತನ್ನು ನಾವು ಹಳಿಯುವುದಿಲ್ಲ. ಅದಕ್ಕೆ ಸಾಕಷ್ಟು ಕಾರಣವುಂಟು. ಮೊಬೈಲಿನಲ್ಲಿ ಇಸ್ಪೀಟಾಡಿ ಸಾಲಗಾರರಾದವರ ಕತೆಗಳನ್ನು ಕೇಳದ ಊರೇ ನಮ್ಮ ನಾಡಿನಲ್ಲಿ ಇಲ್ಲವೆನ್ನಬಹುದು. ಹಣವನ್ನು ಪಣವಾಗಿಟ್ಟು ಆಡುವ ಇಂಥ ಆಟಗಳನ್ನು ತಡೆಯಲೆಂದು ಕರ್ನಾಟಕ ಸರ್ಕಾರವು ೧೯೬೩ರ ಪೊಲೀಸ್ ಕಾಯಿದೆಗೆ ೨೦೨೧ರಲ್ಲಿ ತಿದ್ದುಪಡಿ ತಂದಿತು; ೨೦೨೨ರ ಫೆಬ್ರವರಿ ೧೪ರಂದು ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ರದ್ದುಪಡಿಸಿತು. ಬಳಿಕ ೨೦೨೫ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆಯೊಂದನ್ನು ಅಂಗೀಕರಿಸಿತು; ಅದೇ ತಿಂಗಳ ೨೨ರಂದು ರಾಷ್ಟ್ರಪತಿಗಳ ಅಂಕಿತವೂ ಆಯಿತು. ಹಣ ಗೆಲ್ಲುವ ಆಸೆಯಿಂದ ಹಣ ಹೂಡಿ ಆಡುವ ಆಟವನ್ನು, ಅದು ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಈ ಕಾಯಿದೆ ನಿಷೇಧಿಸಿತು. ಆದರೆ ಅದರಲ್ಲಿಯೇ ಇನ್ನೊಂದು ಮಾತೂ ಇದೆ. ವಿನೋದಕ್ಕಾಗಿ ಇಲ್ಲವೆ ಕೌಶಲ ಬೆಳೆಸಿಕೊಳ್ಳುವುದಕ್ಕಾಗಿ ಇರುವ ಆಟವು ಚಂದಾವನ್ನಾಗಲಿ, ಒಂದು ಸಲದ ಪ್ರವೇಶಶುಲ್ಕವನ್ನಾಗಲಿ ಪಡೆಯಬಹುದು; ಆ ಹಣವು ಪಣದ ಸ್ವರೂಪದ್ದಾಗಿರಕೂಡದು, ಅಷ್ಟೆ. ಎಂದ ಮೇಲೆ ಚಂದಾ ಬೇರೆ, ಜೂಜು ಬೇರೆ. ನಾಟಕ ಕಂಪನಿಯ ಡೇರೆಯ ಬಾಗಿಲಲ್ಲಿ ಟಿಕೇಟು ಕೊಂಡವನನ್ನು ಜೂಜುಕೋರನೆಂದು ಯಾರೂ ಕರೆಯುವುದಿಲ್ಲ.

ಹೀಗಿದ್ದರೂ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ತಲೆಕೆಳಗಾದ ವ್ಯವಹಾರ. ಇಷ್ಟು ಹಣವೆಂದು ಮೊದಲೇ ಹೇಳಿ ಕೇಳುವ ಆಟಕ್ಕೆ ಬಾಗಿಲು ಮುಚ್ಚಿದೆ. ಏನನ್ನೂ ಕೇಳದೆ ಒಳಗೆ ಬಂದು, ಆಮೇಲೆ ಚೂರುಚೂರಾಗಿ ಕೀಳುವ ಆಟಕ್ಕೆ ಬಾಗಿಲು ತೆರೆದಿದೆ. ಬಹುಜನರು ಕೂಡಿ ಆಡುವ ಆಟಕ್ಕೆ ಮಾಸಿಕ ಚಂದಾ ಎಂಬುದು ಇದ್ದುದರಲ್ಲಿ ನೇರವಾದ ಬೆಲೆಯೆಂಬುದು ನಮ್ಮ ಅಭಿಪ್ರಾಯ. ಆದರೆ ಆ ಚಂದಾವನ್ನು ಇಂದು ವಸೂಲು ಮಾಡುತ್ತಿರುವ ರೀತಿಯನ್ನು ನಾವು ಸರ್ವಥಾ ಒಪ್ಪುವುದಿಲ್ಲ.

ಮೊದಲು, ಇಂಥ ಆಟಕ್ಕೆ ತಿಂಗಳು ತಿಂಗಳೂ ಹಣವೇಕೆ ಬೇಕು? ಚದುರಂಗದ ಹಾಸನ್ನು ಒಮ್ಮೆ ಕೊಂಡರೆ ಮೊಮ್ಮಕ್ಕಳ ಕಾಲದವರೆಗೆ ಆಡಬಹುದು. ಒಬ್ಬನೇ ಆಡುವ ಮೊಬೈಲಿನ ಆಟವೂ ಹೆಚ್ಚುಕಡಿಮೆ ಹಾಗೆಯೇ. ನೂರು ಜನ ಕೂಡಿ ಆಡುವ ಆಟದ ಸಂಗತಿ ಬೇರೆ. ಅಲ್ಲಿ ಯಾರು ಎಲ್ಲಿ ನಿಂತಿದ್ದಾರೆ, ಯಾರು ಯಾರಿಗೆ ಗುರಿಯಿಟ್ಟರು, ಪೆಟ್ಟು ತಗುಲಿತೋ ಇಲ್ಲವೋ ಎಂಬುದನ್ನು ಆಟಗಾರರ ಮೊಬೈಲುಗಳೇ ತೀರ್ಮಾನಿಸುವಂತಿದ್ದರೆ ಪ್ರತಿಯೊಬ್ಬನ ಮೊಬೈಲೂ ತನ್ನ ಒಡೆಯನೇ ಗೆದ್ದನೆಂದು ಸಾರೀತು! ಆದುದರಿಂದ ನಡುವೆ ಒಬ್ಬ ನಿರ್ಣಾಯಕನು ಬೇಕು. ಸರ್ವರ್ ಎಂಬ ಗಣಕಯಂತ್ರವೇ ಆ ನಿರ್ಣಾಯಕ. ಪ್ರತಿಯೊಬ್ಬ ಆಟಗಾರನ ಚಲನೆಯೂ ಅದಕ್ಕೆ ತಲುಪಬೇಕು. ಅದು ಲೆಕ್ಕ ಹಾಕಿ ಪರಿಣಾಮವನ್ನು ಉಳಿದವರಿಗೆಲ್ಲ ತಿಳಿಸಬೇಕು. ಇದು ಸೆಕೆಂಡಿಗೆ ಹತ್ತಾರು ಸಲ ನಡೆಯಬೇಕು.

ಈ ಕೆಲಸವು ಆಟಗಾರರ ಸಂಖ್ಯೆ ಏರಿದಷ್ಟೇ ಏರುವುದೆಂದು ಎಣಿಸಬಾರದು. ಹತ್ತು ಜನರಿದ್ದರೆ ಒಬ್ಬೊಬ್ಬನಿಗೂ ಉಳಿದ ಒಂಬತ್ತು ಜನರ ಸುದ್ದಿ ಬೇಕು. ಒಂದು ಸುತ್ತಿಗೆ ೧೦ × ೯, ಅಂದರೆ ೯೦ ಸುದ್ದಿಗಳು. ನೂರು ಜನರಾದರೆ ೧೦೦ × ೯೯, ಅಂದರೆ ೯,೯೦೦. ಜನ ಹತ್ತು ಪಟ್ಟಾದರೆ ಸುದ್ದಿಗಳು ನೂರು ಪಟ್ಟಿಗೂ ಮಿಗಿಲು. ಸೆಕೆಂಡಿಗೆ ೨೦ ಸುತ್ತುಗಳೆಂದು ಹಿಡಿದರೆ ಒಂದೇ ಆಟಕ್ಕೆ ಸೆಕೆಂಡಿಗೆ ೧,೯೮,೦೦೦ ಸುದ್ದಿಗಳಾದುವು. ದೂರದಲ್ಲಿ ಮರೆಯಾಗಿರುವವರ ಸುದ್ದಿಯನ್ನು ಬಿಟ್ಟು, ಕಣ್ಣಳವಿಯಲ್ಲಿರುವವರದನ್ನು ಮಾತ್ರ ಕಳಿಸುವ ಉಪಾಯದಿಂದ ಎಂಜಿನಿಯರುಗಳು ಇದನ್ನು ಬಹುಮಟ್ಟಿಗೆ ತಗ್ಗಿಸುತ್ತಾರೆ. ಆದರೂ ಹೊರೆ ದೊಡ್ಡದೇ.

ಇನ್ನು ದೂರದ ಮಾತು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರ್ ಸಾಗುತ್ತದೆ. ಇಟ್ಟಿಗಿಯಿಂದ ಸಿಂಗಪುರಕ್ಕೆ ನೆಟ್ಟಗೆ ಅಳೆದರೆ ಸುಮಾರು ೩,೪೦೦ ಕಿಲೋಮೀಟರ್. ಹೋಗಿ ಬರಲು ಸೆಕೆಂಡಿನ ಸಾವಿರದ ೩೪ ಭಾಗವಾದರೂ ಬೇಕು. ಮುಂಬಯಿಗಾದರೆ ಸುಮಾರು ೫೫೦ ಕಿಲೋಮೀಟರ್. ಐದಾರು ಭಾಗ ಸಾಕು. ತಂತಿಗಳು ನೆಟ್ಟಗೆ ಹೋಗುವುದಿಲ್ಲ, ನಡುನಡುವೆ ತಡೆಯುವ ಠಾಣೆಗಳೂ ಬಹಳ. ಆದುದರಿಂದ ನಿಜವಾದ ಕಾಲ ಇದರ ಹಲವು ಪಟ್ಟು ಆಗುತ್ತದೆ. ಎದುರಾಳಿಯು ನಮಗಿಂತ ಮೊದಲು ಗುಂಡು ಹಾರಿಸಿದನೆಂದು ಹುಡುಗರು ಗೊಣಗುವಾಗ ಎಷ್ಟೋ ಸಲ ತಪ್ಪು ಬೆರಳಿನದಲ್ಲ, ಭೂಗೋಳದ್ದು. ಹೀಗಾಗಿ ಆಟ ನಡೆಸುವವರು ಆಟಗಾರರಿಗೆ ಹತ್ತಿರದಲ್ಲಿ ಯಂತ್ರಗಳನ್ನಿರಿಸಿ, ಅವಕ್ಕೆ ಹಗಲಿರುಳೂ ವಿದ್ಯುತ್ತನ್ನೂ ತಂಪನ್ನೂ ಒದಗಿಸಬೇಕು. ಮೋಸಗಾರರನ್ನು ಹಿಡಿಯಲು ಆಳುಗಳನ್ನು ನೇಮಿಸಬೇಕು. ಈ ಖರ್ಚು ಆಟವನ್ನು ಬರೆದು ಮುಗಿಸಿದ ದಿನ ಮುಗಿಯುವುದಿಲ್ಲ, ಆ ದಿನ ಆರಂಭವಾಗುತ್ತದೆ. ಯಾರಾದರೂ ಅದನ್ನು ತೆರಲೇಬೇಕು.

ಹಿಂದೆ ಯಾರು ತೆತ್ತರೆಂಬುದನ್ನು ನೋಡಿದರೆ ಚಂದಾದ ಗುಣ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟ್‌ಲ್ ಎಂಬ ವಿದ್ಯಾರ್ಥಿಗಳು ೧೯೭೮ರಲ್ಲಿ ಬಹುಜನರ ಆಟವೊಂದನ್ನು ಕಟ್ಟಿದಾಗ ಯಂತ್ರದ ಖರ್ಚು ವಿಶ್ವವಿದ್ಯಾನಿಲಯದ್ದು. ೧೯೮೫ರಲ್ಲಿ ಅಮೆರಿಕದ ಕಾಂಪ್ಯುಸರ್ವ್ ಸಂಸ್ಥೆಯಲ್ಲಿ ಆರಂಭವಾದ ‘ಐಲೆಂಡ್ ಆಫ್ ಕೆಸ್ಮಾಯ್’ ಎಂಬ ಆಟಕ್ಕೆ ಗಂಟೆಯ ಲೆಕ್ಕದಲ್ಲಿ ಹಣ: ಗಂಟೆಗೆ ೬ ಡಾಲರು, ವೇಗದ ಸಂಪರ್ಕವಾದರೆ ೧೨. ಆಟಗಾರನು ಹೆಚ್ಚು ಹೊತ್ತು ಕುಳಿತಷ್ಟೂ ಕಂಪನಿಗೆ ಲಾಭ; ಮರುತಿಂಗಳು ಬಿಲ್ಲು ಕಂಡು ಎದೆಯೊಡೆದುಕೊಂಡವರು ಎಷ್ಟೋ ಮಂದಿ. ೧೯೯೭ರ ಸೆಪ್ಟೆಂಬರಿನಲ್ಲಿ ಬಂದ ‘ಅಲ್ಟಿಮಾ ಆನ್‌ಲೈನ್’ ತಿಂಗಳಿಗೆ ೯ ಡಾಲರು ೯೫ ಸೆಂಟು ಎಂಬ ಒಂದೇ ದರವನ್ನು ಇಟ್ಟಿತು. ೨೦೦೪ರ ನವೆಂಬರಿನಲ್ಲಿ ಆರಂಭವಾದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ತಿಂಗಳಿಗೆ ೧೪ ಡಾಲರು ೯೯ ಸೆಂಟು ಪಡೆಯಿತು. ೨೦೧೦ರ ಅಕ್ಟೋಬರಿನಲ್ಲಿ ಅದರ ಚಂದಾದಾರರ ಸಂಖ್ಯೆ ೧ ಕೋಟಿ ೨೦ ಲಕ್ಷಕ್ಕೆ ಮುಟ್ಟಿತ್ತು.

ಗಂಟೆಯ ಲೆಕ್ಕ ಹೋಗಿ ತಿಂಗಳ ಲೆಕ್ಕ ಬಂದಾಗ ಆದ ಬದಲಾವಣೆಯನ್ನು ತರುಣ ವಾಚಕರು ಸ್ವಲ್ಪ ಯೋಚಿಸಬೇಕು. ದರ ನಿಶ್ಚಿತವಾದ ಮೇಲೆ ಆಟಗಾರನು ಹತ್ತು ಗಂಟೆ ಆಡಲಿ, ನೂರು ಗಂಟೆ ಆಡಲಿ, ಕಂಪನಿಗೆ ಬರುವ ಹಣ ಒಂದೇ. ಕಡಿಮೆ ಆಡಿದರೆ ಅದಕ್ಕೆ ಯಂತ್ರದ ಖರ್ಚೇ ಉಳಿಯುತ್ತದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನಲ್ಲಿ ಆಟ ಬಿಟ್ಟು ಹೊರಗಿದ್ದು ಮರಳಿ ಬಂದವನಿಗೆ ಕೆಲಕಾಲ ಇಮ್ಮಡಿ ಅನುಭವಾಂಕ ಸಿಗುವ ಏರ್ಪಾಡು ಉಂಟು. ವಿಶ್ರಾಂತಿಗೆ ಬಹುಮಾನ! ಪುಕ್ಕಟೆಯ ಆಟದಲ್ಲಿ ಇಂಥ ಧಾರಾಳವು ವಿರಳ. ಏಕೆಂದರೆ ಅಲ್ಲಿ ಆಟಗಾರನ ಕಣ್ಣು ಪರದೆಯ ಮೇಲಿದ್ದಷ್ಟು ಹೊತ್ತೂ ಅವನಿಗೆ ಏನನ್ನಾದರೂ ಮಾರುವ ಸಾಧ್ಯತೆ ಇರುತ್ತದೆ. ಅಂಥ ಆಟವು ಪ್ರತಿದಿನವೂ ಬರುವಂತೆ ಕರೆಯುತ್ತದೆ, ಒಂದು ದಿನ ತಪ್ಪಿದರೆ ಬಹುಮಾನದ ಸರಣಿಯನ್ನು ಕಡಿಯುತ್ತದೆ. ಚಂದಾ ಆಟಗಳೂ ಇನ್ನೊಂದು ತಿಂಗಳು ಉಳಿಸಿಕೊಳ್ಳಲು ಕೆಲಸವನ್ನು ಬೇಕೆಂದೇ ಎಳೆಯುವುದುಂಟು, ನಿಜ. ಆದರೆ ಅದರ ನಷ್ಟಕ್ಕೆ ಒಂದು ಮಿತಿಯಿದೆ.

ಪೆಟ್ಟಿಗೆಗಳ ವಿಷಯದಲ್ಲಿ ಆ ಮಿತಿಯೇ ಇಲ್ಲ. ಒಂದು ಪೆಟ್ಟಿಗೆಯಲ್ಲಿ ಬೇಕಾದ ವಸ್ತು ಸಿಗುವ ಸಂಭವ ನೂರರಲ್ಲಿ ಒಂದು ಎಂದಿಟ್ಟುಕೊಳ್ಳೋಣ. ನೂರು ಪೆಟ್ಟಿಗೆ ತೆರೆದರೆ ಅದು ಸಿಕ್ಕೇ ಸಿಗುವುದೆಂದು ಬೇವಿನ ಮರದ ಕೆಳಗಿನ ನಾಲ್ವರೂ ನಂಬಿದ್ದರು. ಅವರು ವಿಜ್ಞಾನದ ವಿದ್ಯಾರ್ಥಿಗಳು! ಒಂದು ಪೆಟ್ಟಿಗೆಯಲ್ಲಿ ಸಿಗದಿರುವ ಸಂಭವ ೦.೯೯. ನೂರರಲ್ಲಿಯೂ ಸಿಗದಿರುವ ಸಂಭವವೆಂದರೆ ೦.೯೯ನ್ನು ನೂರು ಸಲ ಗುಣಿಸಿದ ಫಲ, ಸುಮಾರು ೦.೩೭. ನೂರು ಜನ ತಲಾ ನೂರು ಪೆಟ್ಟಿಗೆ ತೆರೆದರೆ ಸುಮಾರು ೩೭ ಜನ ಬರಿಗೈಯಲ್ಲಿ ಉಳಿಯುತ್ತಾರೆ. ಆದರೂ ತೆರೆಯುವ ಚಪಲ ಏಕೆ ಬಿಡದು? ಮನಃಶಾಸ್ತ್ರಜ್ಞ ಸ್ಕಿನ್ನರ್ ಫರ್‌ಸ್ಟರ್ ಎಂಬವರೊಡನೆ ೧೯೫೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಉತ್ತರ ಸಿಗುತ್ತದೆ. ಗುಂಡಿಯನ್ನು ಕುಕ್ಕಿದರೆ ಕಾಳು ಬೀಳುವಂತೆ ಪಾರಿವಾಳಗಳಿಗೆ ಅವರು ಅಭ್ಯಾಸ ಮಾಡಿಸಿದರು. ಎಷ್ಟನೆಯ ಕುಕ್ಕಿಗೆ ಕಾಳು ಬೀಳುವುದೆಂಬುದು ಗೊತ್ತಾಗದಂತೆ ಮಾಡಿದಾಗ ಹಕ್ಕಿಗಳು ಬಿಡುವಿಲ್ಲದೆ ಕುಕ್ಕಿದುವು. ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇದ್ದುವು. ಬೆಲ್ಜಿಯಂ ದೇಶವು ೨೦೧೮ರಲ್ಲಿ ಹಣ ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜಿನ ಸಾಲಿಗೆ ಸೇರಿಸಿತು. ಜೂಜೆಂದು ಹೆದರಿದ ತಂದೆಯವರ ಭಯವು ಸರಿಯಾದುದೇ. ಅದು ತಗುಲಿದ ಆಟ ಮಾತ್ರ ಬೇರೆಯದು.

ಚಂದಾದ ಪರವಾಗಿ ಇಷ್ಟು ಹೇಳಿದ ನಾವು ಅದರ ದೋಷಗಳನ್ನೂ ಹೇಳಬೇಕು. ಮೊದಲನೆಯದು ಬೆಲೆ. ೧೪ ಡಾಲರು ೯೯ ಸೆಂಟನ್ನು ಡಾಲರಿಗೆ ೮೫ ರೂಪಾಯಿಯಂತೆ ಹಿಡಿದರೂ ೧,೨೭೦ ರೂಪಾಯಿಗಿಂತ ಹೆಚ್ಚಾಗುತ್ತದೆ. ೨೦೨೫–೨೬ರಲ್ಲಿ ಕರ್ನಾಟಕಕ್ಕೆ ಗೊತ್ತುಪಡಿಸಿದ ಉದ್ಯೋಗ ಖಾತರಿಯ ದಿನಗೂಲಿ ೩೭೦ ರೂಪಾಯಿ. ಇಟ್ಟಿಗಿಯ ಒಂದು ಕೂಲಿಯ ಮನೆಗೆ ಆ ಚಂದಾ ಮೂರೂವರೆ ದಿನದ ಬಿಸಿಲು. ಡಾಲರಿನ ದರವನ್ನು ರೂಪಾಯಿಗೆ ತಿರುಗಿಸಿ ಕೇಳುವ ಬದಲು ಊರಿನ ದುಡಿಮೆಗೆ ತಕ್ಕ ದರವನ್ನು ಕಂಪನಿಗಳು ಇಡಬೇಕು. ದರವನ್ನು ಏರಿಸುವಾಗಲೂ ಚಂದಾದಾರನ ಮಾತಿಗೆ ಬೆಲೆಯಿಲ್ಲ. ಮೈಕ್ರೋಸಾಫ್ಟ್ ಕಂಪನಿಯ ‘ಗೇಮ್ ಪಾಸ್’ ಎಂಬ ಚಂದಾದ ಮೇಲ್ದರ್ಜೆಯ ದರ ೨೦೨೫ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಒಮ್ಮೆಗೇ ೧೯.೯೯ರಿಂದ ೨೯.೯೯ ಡಾಲರಿಗೆ ಹಾರಿತು. ಚಂದಾ ಮುಗಿದ ಮೇಲೆ ಕೈಯಲ್ಲಿ ಉಳಿಯುವುದೂ ಏನೂ ಇಲ್ಲ. ಮಾಸಪತ್ರಿಕೆಯ ಚಂದಾ ನಿಂತರೆ ಹಳೆಯ ಸಂಚಿಕೆಗಳಾದರೂ ಅಟ್ಟದ ಮೇಲಿರುತ್ತವೆ. ಒಂದು ಸಂಚಿಕೆಯನ್ನು ಓಣಿಯೆಲ್ಲ ಓದಿದರೂ ಯಾರೂ ಆಕ್ಷೇಪಿಸುವುದಿಲ್ಲ. ಆಟದ ಸರ್ವರ್ ನಿಂತಿತೆಂದರೆ ಆಟವೇ ಇಲ್ಲ. ಚಂದಾ ಆಟವಲ್ಲದೆ ಪೂರ್ತಿ ಬೆಲೆ ಕೊಟ್ಟು ಕೊಂಡ ‘ದ ಕ್ರೂ’ ಎಂಬ ಆಟಕ್ಕೂ ೨೦೨೪ರ ಮಾರ್ಚ್ ೩೧ರಂದು ಈ ಗತಿ ಬಂದಿತು.

ಆದರೆ ನಮಗೆ ಎಲ್ಲಕ್ಕಿಂತ ದೊಡ್ಡ ದೋಷವಾಗಿ ಕಾಣುವುದು ಚಂದಾ ತಾನಾಗಿಯೇ ಮುಂದುವರಿಯುವ ಪದ್ಧತಿ. ಮಾಸಪತ್ರಿಕೆಗಳ ಹಳೆಯ ಚಂದಾದಾರರಿಗೆ ಒಂದು ಚೀಟಿಯ ನೆನಪಿರಬಹುದು. ವರ್ಷದ ಕೊನೆಯ ಸಂಚಿಕೆಯೊಡನೆ ಅದು ಬರುತ್ತಿತ್ತು: ತಮ್ಮ ಚಂದಾ ಈ ಸಂಚಿಕೆಗೆ ಮುಗಿಯಿತು, ಮುಂದುವರಿಸುವುದಾದರೆ ಮನಿಯಾರ್ಡರು ಮಾಡುವುದು. ಬೇಕೆನಿಸಿದವರು ಅಂಚೆಯ ಮನೆಗೆ ನಡೆದು, ಫಾರಂ ತುಂಬಿ, ಹಣ ಕಟ್ಟಿ ಬರಬೇಕಾಗಿತ್ತು. ಬೇಡವೆನಿಸಿದವರು ಸುಮ್ಮನಿದ್ದರೆ ಸಾಕು. ವಿ. ಪಿ. ಪಿ. ಕಳಿಸಿದರೂ ಬಾಗಿಲಲ್ಲಿ ಅಂಚೆಯಣ್ಣನಿಗೆ ‘ಬೇಡಪ್ಪ’ ಎಂದು ಹೇಳಿ ಮರಳಿಸಬಹುದಿತ್ತು. ಅಂದು ಮೌನದ ಅರ್ಥ ‘ಬೇಡ’ ಎಂದು. ಇಂದು ಮೌನದ ಅರ್ಥ ‘ಬೇಕು’ ಎಂದಾಗಿದೆ. ಚಂದಾ ತರಿಸಲು ಒಂದು ಬೆರಳು ಸಾಕು, ನಿಲ್ಲಿಸಲು ಏಳೆಂಟು ಪುಟಗಳನ್ನು ಹಾಯಬೇಕು.

ನಮಗೆ ಪರಿಚಿತರಾದ ಉಪಾಧ್ಯಾಯರೊಬ್ಬರು ಮಗನ ಹಟಕ್ಕೆ ಮಣಿದು, ಮೊದಲ ತಿಂಗಳಿಗೆ ಒಂದೇ ರೂಪಾಯಿ ಎಂಬ ಆಟವೊಂದಕ್ಕೆ ಚಂದಾದಾರರಾದರು. ಹುಡುಗನು ಎರಡು ವಾರದಲ್ಲಿ ಆಟವನ್ನು ಮರೆತನು. ಖಾತೆಯಿಂದ ಎಂಟು ತಿಂಗಳು ಹಣ ಹೋಯಿತು. ಬ್ಯಾಂಕು ತಿಳಿಸಲಿಲ್ಲವೇ ಎಂದರೆ ತಿಳಿಸಿತ್ತು. ಇಂಥ ಆವರ್ತದ ಪಾವತಿಗೆ ೨೪ ಗಂಟೆ ಮೊದಲೇ ಸೂಚನೆ ಕಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವು ೨೦೨೧ರ ಅಕ್ಟೋಬರ್ ೧ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದಿತು. ಸೂಚನೆಗಳು ಎಂಟೂ ಬಂದಿದ್ದುವು. ಇಂಗ್ಲಿಷಿನಲ್ಲಿ, ಸಾಲದ ಜಾಹೀರಾತುಗಳ ನಡುವೆ. ೨೦೨೨ರ ಜೂನಿನಿಂದ ೧೫,೦೦೦ ರೂಪಾಯಿವರೆಗಿನ ಇಂಥ ಪಾವತಿಗೆ ಪ್ರತಿಸಲವೂ ಗುಪ್ತಸಂಖ್ಯೆ ಕೇಳಬೇಕಾದುದಿಲ್ಲವೆಂದಾಯಿತು. ಅನುಕೂಲವೇನೋ ಹೌದು, ಯಾರಿಗೆ ಎಂಬುದು ಪ್ರಶ್ನೆ. ಚಂದಾದ ಬಲೆಯಲ್ಲಿ ಸಿಕ್ಕಿಸುವುದನ್ನು ೨೦೨೩ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಮಾರ್ಗಸೂಚಿಯು ಗ್ರಾಹಕರನ್ನು ವಂಚಿಸುವ ೧೩ ತಂತ್ರಗಳಲ್ಲಿ ಒಂದೆಂದು ಹೆಸರಿಸಿದೆ. ಹೆಸರಿಸಿದರೆ ಸಾಲದು.

ಹದಿನೆಂಟು ತುಂಬದವರು ಮಾಡಿಕೊಂಡ ಒಪ್ಪಂದವು ೧೮೭೨ರ ಕರಾರು ಕಾಯಿದೆಯ ಪ್ರಕಾರ ಊರ್ಜಿತವಲ್ಲ. ಹೀಗಿರುವಾಗ ಪಿ. ಯು. ಸಿ. ಓದುವ ಹುಡುಗನು ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಒತ್ತಿದ್ದನ್ನೇ ಆಧಾರವಾಗಿಟ್ಟುಕೊಂಡು ತಿಂಗಳು ತಿಂಗಳೂ ಹಣ ಕಡಿಯುವುದು ಯಾವ ನ್ಯಾಯ? ಆಟಗಳ ಮೇಲ್ವಿಚಾರಣೆಗೆ ಒಂದು ಪ್ರಾಧಿಕಾರವನ್ನು ನೇಮಿಸಲು ೨೦೨೫ರ ಕಾಯಿದೆಯಲ್ಲಿ ಅವಕಾಶವಿದೆ. ಆಟದ ಚಂದಾ ತಾನಾಗಿ ಮುಂದುವರಿಯಕೂಡದು, ತಿಂಗಳ ಕೊನೆಗೆ ತಾನಾಗಿ ನಿಲ್ಲಬೇಕು ಎಂಬ ಒಂದು ನಿಯಮವನ್ನು ಅಂಥ ಪ್ರಾಧಿಕಾರದಿಂದ ನಾವು ನಿರೀಕ್ಷಿಸುತ್ತೇವೆ. ಹಳೆಯ ಚೀಟಿಯಂಥ ಒಂದು ಸೂಚನೆಯನ್ನು ಕನ್ನಡ ಓದುವವರಿಗೆ ಕನ್ನಡದಲ್ಲಿ ಕಳಿಸುವುದು, ಸೆಕೆಂಡಿಗೆ ಲಕ್ಷಗಟ್ಟಲೆ ಸುದ್ದಿಗಳನ್ನು ಸಾಗಿಸುವ ಕಂಪನಿಗಳಿಗೆ ಅಸಾಧ್ಯವಾದ ಕೆಲಸವಲ್ಲ.

ಇಟ್ಟಿಗಿಯ ಆ ಹುಡುಗನು, ತಂದೆಗೆ ಏನು ಹೇಳಲಿ ಎಂದು ಬಸ್ಸು ಬರುವ ಹೊತ್ತಿಗೆ ನಮ್ಮನ್ನು ಕೇಳಿದನು. ೨,೩೪೦ರ ಪಟ್ಟಿಯನ್ನು ಮೊದಲು ತೋರಿಸು ಎಂದೆವು. ಬೈಗುಳ ಮುಗಿದ ಮೇಲೆ, ಆ ಆಟವನ್ನು ಅಳಿಸಿ, ಪರೀಕ್ಷೆ ಕಳೆದ ನಂತರದ ರಜೆಗೆ ಒಂದು ತಿಂಗಳ ಚಂದಾ ಮಾತ್ರ ಕೇಳು. ತಾನಾಗಿ ಮುಂದುವರಿಯುವ ಗುಂಡಿಯನ್ನು ಆ ದಿನವೇ ಮುಚ್ಚಿ, ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅಪ್ಪನ ಕೈಯಿಂದಲೇ ಬರೆಸು ಎಂದೆವು.